ಗುದ್ದಿಸಿಕೊಂಡ ಸೈಕಲ್ಲಿನ ರಿಪೇರಿ ಎಸ್ಟಿಮೇಟ್: ಯಾವ ಸಾಲು ಸರಿ, ಯಾವುದು ಹೆಚ್ಚು, ಯಾವುದು ಬಿಟ್ಟುಹೋಗಿದೆ

ಸ್ಕೂಟರೋ ಆಟೊವೋ ಕಾರೋ ಗುದ್ದಿದ ಸೈಕಲ್ಲನ್ನು ಅಂಗಡಿಗೆ ಒಯ್ದರೆ ಒಂದು ಚೀಟಿ ಕೈಗೆ ಬರುತ್ತದೆ. ಕೆಳಗಿನ ಮೊತ್ತವನ್ನಷ್ಟೇ ನೋಡಿ ಇದು ಜಾಸ್ತಿ, ಇದು ಪರವಾಗಿಲ್ಲ ಎಂದು ತೀರ್ಮಾನಿಸಲು ಆಗುವುದಿಲ್ಲ. ಎಸ್ಟಿಮೇಟ್ ಎರಡು ಬಗೆಯಲ್ಲಿ ಕೆಡುತ್ತದೆ. ಪೆಟ್ಟಿಗೂ ತನಗೂ ಸಂಬಂಧವಿಲ್ಲದ ಸಾಮಾನುಗಳು ಸೇರಿಕೊಂಡು ಮೊತ್ತ ಉಬ್ಬುವುದು ಒಂದು. ಕಣ್ಣಿಗೆ ಬಿದ್ದ ವೀಲ್ ಒಂದನ್ನೇ ಬರೆದು, ಬಾಗಿದ ಫೋರ್ಕನ್ನೂ (ಮುಂದಿನ ವೀಲನ್ನು ಹಿಡಿದಿರುವ ಕವಲು) ಸುಕ್ಕುಬಿದ್ದ ಫ್ರೇಮನ್ನೂ ಯಾರೂ ನೋಡದೇ ಬಿಡುವುದು ಇನ್ನೊಂದು. ಎರಡನೆಯದು ಅಗ್ಗವಾಗಿ ಕಾಣುತ್ತದೆ, ಆದರೆ ಸವಾರನನ್ನು ಮತ್ತೆ ಬೀಳಿಸುವುದು ಅದೇ.

ಹಾಗಾಗಿ ದರಕ್ಕೆ ಕೈಹಾಕುವ ಮೊದಲು ಪೆಟ್ಟು ಸೈಕಲ್ಲಿನ ಯಾವ ಭಾಗದಿಂದ ಒಳಹೊಕ್ಕು ಎಲ್ಲಿಯವರೆಗೆ ಹೋಗಿದೆ ಎಂದು ಪತ್ತೆ ಮಾಡಬೇಕು. ಆ ದಾರಿಯಲ್ಲಿರುವ ಸಾಮಾನು ಚೀಟಿಯಲ್ಲಿರಬೇಕು, ಅಥವಾ ಕನಿಷ್ಠ ನೋಡಿದ್ದೇವೆ, ಸರಿಯಿದೆ ಎಂಬ ಮಾತು ಇರಬೇಕು. ಆ ದಾರಿಯಲ್ಲಿಲ್ಲದ್ದು ಚೀಟಿಯಲ್ಲಿದ್ದರೆ ಕಾರಣ ಕೇಳಬೇಕು.

ಬೇಕಾಗುವುದು ಇಷ್ಟು: ಮೂರು ಮೀಟರ್ ಗಟ್ಟಿ ದಾರ, ಸ್ಟೀಲ್ ಸ್ಕೇಲು, ಟೇಪು, ಟಾರ್ಚು, ಒಂದು ಆಯಸ್ಕಾಂತ, 4, 5 ಮತ್ತು 6 ಮಿ.ಮೀ. ಅಲೆನ್ ಕೀ, 15ರ ಸ್ಪ್ಯಾನರ್. ಅರ್ಧ ಗಂಟೆಯ ಕೆಲಸ.

ಬಿಚ್ಚುವ ಮೊದಲು

ಅಂಗಡಿಯವರು ನಟ್ಟು ಸಡಿಲಿಸುವ ಮುಂಚೆಯೇ ಫೋಟೊ ತೆಗೆದುಕೊಳ್ಳಿ. ಎರಡೂ ಪಕ್ಕದಿಂದ, ನೇರ ಮುಂದಿನಿಂದ, ನೇರ ಹಿಂದಿನಿಂದ, ಮತ್ತು ಹ್ಯಾಂಡಲ್ ಮೇಲಿನಿಂದ ಮುಂದಿನ ವೀಲ್ ಕಾಣುವಂತೆ. ಪೆಡಲ್ ಅಚ್ಚಿನ, ಅಂದರೆ ಎರಡು ಕ್ರ್ಯಾಂಕುಗಳನ್ನು (ಪೆಡಲ್ ಹಿಡಿದಿರುವ ತೋಳುಗಳನ್ನು) ಜೋಡಿಸುವ ಅಚ್ಚಿನ, ಗೂಡಿನ ಕೆಳಗೆ ಕೊರೆದಿರುವ ಫ್ರೇಮ್ ನಂಬರನ್ನೂ ಸೇರಿಸಿ. ಗುದ್ದಿದ ಗಾಡಿಯ ಬಣ್ಣ ಎಲ್ಲಾದರೂ ಅಂಟಿದ್ದರೆ ಅದನ್ನು ಒರೆಸಬೇಡಿ. ಗೀರುಗಳನ್ನು ಹತ್ತಿರದಿಂದ ತೆಗೆಯಿರಿ: ಹೊಸ ಗೀರಿನೊಳಗೆ ಲೋಹ ಹೊಳೆಯುತ್ತದೆ, ಹಳೆಯದರಲ್ಲಿ ತುಕ್ಕೋ ಕೊಳೆಯೋ ಕೂತಿರುತ್ತದೆ. ಬೇರೆಯವರು ಹಣ ಕೊಡಬೇಕಾದ ಸಂದರ್ಭದಲ್ಲಿ ಈ ವ್ಯತ್ಯಾಸವೇ ವಾದಕ್ಕೆ ಬರುತ್ತದೆ.

ಪೆಟ್ಟಿನ ದಾರಿ

ಮುಂದಿನಿಂದ ಗುದ್ದಿದರೆ ಬಲ ಟೈರಿಗೆ ಬಿದ್ದು ರಿಮ್, ಕಡ್ಡಿ, ಹಬ್ಬಿನ ಎಕ್ಸೆಲ್, ಫೋರ್ಕು, ಹ್ಯಾಂಡಲ್ ಗೂಡಿನ (ಹ್ಯಾಂಡಲ್ ತಿರುಗುವ, ಫ್ರೇಮಿನ ಮುಂತುದಿಯ ಗಿಡ್ಡ ಪೈಪಿನ) ಬೇರಿಂಗು ದಾಟಿ ಫ್ರೇಮಿನ ಮುಂಭಾಗದ ಎರಡು ಪೈಪುಗಳಿಗೆ ಹೋಗುತ್ತದೆ. ಹಿಂದಿನಿಂದ ಗುದ್ದಿದರೆ ಹಿಂದಿನ ವೀಲ್, ಎಕ್ಸೆಲ್, ಎಕ್ಸೆಲ್ ಕೂರುವ ಕೊಂಡಿಗಳು, ಹಿಂದಿನ ತೆಳು ಪೈಪುಗಳು, ಕ್ಯಾರಿಯರ್, ಮಡ್‌ಗಾರ್ಡ್. ಪಕ್ಕಕ್ಕೆ ಬಿದ್ದರೆ ಪೆಡಲ್, ಕ್ರ್ಯಾಂಕು, ಬ್ರೇಕ್ ಲಿವರು, ಹ್ಯಾಂಡಲ್ ತುದಿ, ಸೀಟು, ಮತ್ತು ಬಲಕ್ಕೆ ಬಿದ್ದಿದ್ದರೆ ಹಿಂದಿನ ಗೇರು. ಮುಂದಿನಿಂದ ಗುದ್ದಿಸಿಕೊಂಡವರು ಸಾಮಾನ್ಯವಾಗಿ ಪಕ್ಕಕ್ಕೂ ಬಿದ್ದಿರುತ್ತಾರೆ, ಆದ್ದರಿಂದ ಎರಡು ದಾರಿಗಳನ್ನೂ ನೋಡಬೇಕಾಗುತ್ತದೆ.

ವೀಲ್

ವೀಲನ್ನು ಎತ್ತಿ ನಿಧಾನವಾಗಿ ತಿರುಗಿಸಿ. ಫೋರ್ಕಿಗೆ ಒಂದು ಪೆನ್ನನ್ನು ದಾರದಿಂದ ಕಟ್ಟಿ, ತುದಿ ರಿಮ್ಮಿನ ಪಕ್ಕಕ್ಕೆ ಬರುವಂತೆ ಮಾಡಿ. ರಿಮ್ ಪೆನ್ನಿನಿಂದ ಎಷ್ಟು ದೂರ ಹೋಗಿ ಬರುತ್ತದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ನುಣ್ಣನೆಯ, ಉದ್ದನೆಯ ಓಲಾಟವಿದ್ದು ಅದು ಸುಮಾರು 5 ಮಿ.ಮೀ. ಒಳಗಿದ್ದರೆ ಬೆಂಡ್ ತೆಗೆದರೆ ಸಾಕು, ಹೊಸ ರಿಮ್ ಬೇಕಿಲ್ಲ. ಓಲಾಟ ಸಣ್ಣದಾದರೂ ಒಂದೇ ಜಾಗದಲ್ಲಿ ಚೂಪಾಗಿ ಮಡಿಚಿದ್ದರೆ, ರಿಮ್ಮಿನ ಅಂಚು ತಗ್ಗಿದ್ದರೆ, ಅಥವಾ ಕಡ್ಡಿ ತೂತಿನ ಸುತ್ತ ಬಿರುಕಿದ್ದರೆ ಆ ರಿಮ್ ಹೋಯಿತು.

ಇಲ್ಲೊಂದು ತಪ್ಪು ಪದೇಪದೇ ಆಗುತ್ತದೆ. ಬಾಗಿದ ರಿಮ್ಮನ್ನು ಕಡ್ಡಿ ಎಳೆದೆಳೆದು ನೇರ ಮಾಡಿಕೊಡುತ್ತಾರೆ. ನೋಡಲು ನೇರವೇ ಇರುತ್ತದೆ, ಆದರೆ ಒಂದು ಕಡೆಯ ನಾಲ್ಕೈದು ಕಡ್ಡಿ ತಂತಿಯಂತೆ ಬಿಗಿದು ಪಕ್ಕದವು ಸಡಿಲವಾಗಿರುತ್ತವೆ. ಕೆಲವೇ ವಾರಗಳಲ್ಲಿ ಬಿಗಿದ ಕಡ್ಡಿ ತುಂಡಾಗುತ್ತದೆ. ಪತ್ತೆಗೆ ಕಿವಿ ಸಾಕು: ಒಂದೇ ಪಕ್ಕದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ. ಸ್ವರ ಹೆಚ್ಚುಕಡಿಮೆ ಒಂದೇ ಇರಬೇಕು. ನಾಲ್ಕು ಕಡ್ಡಿ ಕೀರಲಾಗಿ, ನಾಲ್ಕು ಮಂಕಾಗಿ ಕೇಳಿದರೆ ರಿಮ್ ಒಳಗಿನಿಂದ ಬಾಗಿದೆ. ಸಂಶಯ ಉಳಿದರೆ ಎಲ್ಲ ಕಡ್ಡಿ ಸಡಿಲಿಸಿ ರಿಮ್ಮನ್ನು ಸಮತಟ್ಟಾದ ಕಲ್ಲಿನ ಮೇಲಿಡಲು ಹೇಳಿ. ಎಳೆತವಿಲ್ಲದೆಯೂ ಅದು ಆಡಿದರೆ ಹೊಸ ರಿಮ್ ಬರೆದದ್ದು ನ್ಯಾಯ.

ಚೀಟಿಯಲ್ಲಿ ಬರೀ ರಿಮ್ ಎಂದಿದ್ದರೆ ದರ ತೂಗಲು ಬರುವುದಿಲ್ಲ. ಅಳತೆ, ತೂತಿನ ಸಂಖ್ಯೆ, ಉಕ್ಕೋ ಅಲಾಯೋ (ಅಲ್ಯುಮಿನಿಯಂ), ಒಂಟಿ ಗೋಡೆಯದೋ ಜೋಡಿ ಗೋಡೆಯದೋ (ಒಂದೇ ಪದರವೋ ಎರಡು ಪದರವೋ) ಎಂದು ಬರೆಸಿ. ಹಳೆಯ ಮಾದರಿಯ ದೊಡ್ಡ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ, ಟೈರು 28×1½, ಅಂದರೆ 635ರ ರಿಮ್ (ಟೈರು ಕೂರುವ ಜಾಗದ ವ್ಯಾಸ, ಮಿ.ಮೀ.ಗಳಲ್ಲಿ). ಗೇರ್ ಸೈಕಲ್ಲುಗಳಲ್ಲಿ 32 ಅಥವಾ 36 ಕಡ್ಡಿ. 26 ಇಂಚಿನ ಎಂಟಿಬಿಗೆ (ಮೌಂಟನ್ ಬೈಕ್) 559, 27.5ಕ್ಕೆ 584, 29 ಇಂಚಿಗೂ 700ಸಿಗೂ 622. ಈ ಅಂಕೆ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ರಿಮ್, ಕಡ್ಡಿ, ಕಟ್ಟುವ ಕೂಲಿ ಮೂರನ್ನೂ ಕೂಡಿದರೆ ಕಟ್ಟಿ ಬಂದ ರೆಡಿ ವೀಲಿನ ಬೆಲೆಯನ್ನೂ ಮೀರುವುದು ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಮಾಮೂಲು. ಹಾಗಿದ್ದಾಗ ರೆಡಿ ವೀಲ್ ಕೇಳಿ. ಹಬ್ಬು ಒಳ್ಳೆಯದಾಗಿದ್ದು ಬೇರಿಂಗ್ ಗಟ್ಟಿಯಿದ್ದರೆ ಮಾತ್ರ ಅದನ್ನು ಉಳಿಸಿಕೊಂಡು ಹೊಸ ರಿಮ್ಮಿಗೆ ಕಟ್ಟಿಸುವುದು ಲೇಸು. ಎಕ್ಸೆಲ್ ನೋಡುವುದು ಸುಲಭ: ವೀಲ್ ಬಿಚ್ಚಿ ಎಕ್ಸೆಲನ್ನು ಬೆರಳಲ್ಲಿ ತಿರುಗಿಸಿ, ತುದಿ ಸುತ್ತು ಹೊಡೆದರೆ ಅದು ಬಾಗಿದೆ. ಎಕ್ಸೆಲ್ ಬದಲಿಸಲು ಪೂರ್ತಿ ಹಬ್ಬು ಬೇಕಿಲ್ಲ.

ಫೋರ್ಕು: ಚೀಟಿಯಲ್ಲಿ ಬಿಟ್ಟುಹೋಗುವ ಮುಖ್ಯ ಸಾಲು

ಮುಂದಿನ ವೀಲ್ ಎಂಟಂಕಿಯಾಗುವಷ್ಟು ಪೆಟ್ಟು ಬಿದ್ದಿದ್ದರೆ ಫೋರ್ಕನ್ನು ಅಳೆಯದೇ ಬಿಟ್ಟ ಎಸ್ಟಿಮೇಟ್ ಅಪೂರ್ಣ. ಅಳೆಯುವ ಕ್ರಮ ಹೀಗೆ.

ಪಕ್ಕದಿಂದ ನೋಡಿ. ಹ್ಯಾಂಡಲ್ ಗೂಡಿನ ನಡುಗೆರೆಯನ್ನು ದಾರ ಹಿಡಿದು ಕೆಳಕ್ಕೆ ಎಳೆಯಿರಿ. ಮುಂದಕ್ಕೆ ಬಾಗಿದ ಕಾಲಿನ ಹಳೆಯ ಬಗೆಯ ಫೋರ್ಕಿನಲ್ಲಿ ಕಾಲಿನ ಮೇಲ್ಭಾಗ ಈ ಗೆರೆಯ ಮೇಲೇ ಇರಬೇಕು, ಕೆಳಗಿನ ಭಾಗ ಮಾತ್ರ ಮುಂದಕ್ಕೆ ಬಾಗಬೇಕು. ಮೇಲ್ಭಾಗವೇ ಹಿಂದಕ್ಕೆ ವಾಲಿದ್ದರೆ ಫೋರ್ಕು ಹಿಂದಕ್ಕೆ ಹೋಗಿದೆ. ನೇರ ಕಾಲಿನ ಫೋರ್ಕಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅದಕ್ಕೆ ಮುಂದಿನ ಎಕ್ಸೆಲ್ ನಡುವಿನಿಂದ ಪೆಡಲ್ ಅಚ್ಚಿನ ನಡುವಿಗೆ ಅಳತೆ ತೆಗೆದು, ಅಂಗಡಿಯಲ್ಲಿ ಅದೇ ಮಾದರಿಯ ಅದೇ ಸೈಜಿನ ಸೈಕಲ್ಲಿದ್ದರೆ ಹೋಲಿಸಿ. ಕಂಪನಿಯ ಅಳತೆ ಪಟ್ಟಿಯಲ್ಲೂ ಈ ಅಂಕೆ ಸಾಮಾನ್ಯವಾಗಿ ಇರುತ್ತದೆ. ಅಳತೆ 5 ಮಿ.ಮೀ.ಗಿಂತ ಹೆಚ್ಚು ಗಿಡ್ಡವಾಗಿ ಬಂದರೆ ಫೋರ್ಕೋ ಫ್ರೇಮೋ ಎರಡೂವೋ ಬಾಗಿವೆ. ತಿರುವಿನಲ್ಲಿ ಮುಂಚೆ ತಾಗದಿದ್ದ ಕಾಲ್ಬೆರಳು ಈಗ ಟೈರಿಗೆ ತಾಗಿದರೆ ಅದೂ ಇದನ್ನೇ ಹೇಳುತ್ತದೆ.

ಮುಂದಿನಿಂದ ನೋಡಿ. ವೀಲ್ ಎರಡು ಕಾಲುಗಳ ನಡುವೆ ಸರಿಯಾಗಿ ಕೂರದೆ ಒಂದು ಕಡೆಗೆ ಸರಿದಿದ್ದರೆ ತಪ್ಪು ವೀಲಿನದೋ ಫೋರ್ಕಿನದೋ? ರಿಮ್ ಬ್ರೇಕ್ ಸೈಕಲ್ಲಿನಲ್ಲಿ ವೀಲನ್ನು ಬಿಚ್ಚಿ ಎಡಬಲ ತಿರುಗಿಸಿ ಕೂರಿಸಿ. ಸರಿದ ಅಂತರ ಇನ್ನೊಂದು ಕಡೆಗೆ ಬದಲಾದರೆ ವೀಲ್ ಕಟ್ಟಿದ್ದು ಸರಿಯಿಲ್ಲ. ಅದೇ ಕಡೆ ಉಳಿದರೆ ಫೋರ್ಕು ಬಾಗಿದೆ. ಡಿಸ್ಕ್ ಬ್ರೇಕಿನದಾದರೆ ನೇರವೆಂದು ಗೊತ್ತಿರುವ ಬೇರೊಂದು ವೀಲ್ ಹಾಕಿ ನೋಡಬೇಕು. ಗೇರ್ ಸೈಕಲ್ಲುಗಳ ಮುಂದಿನ ಫೋರ್ಕಿನಲ್ಲಿ ಎಕ್ಸೆಲ್ ಕೂರುವ ಜಾಗದ ಒಳ ಅಂತರ ಸಾಮಾನ್ಯವಾಗಿ 100 ಮಿ.ಮೀ. ಇದು 97 ಅಥವಾ 104 ಬಂದರೆ ಕಾಲು ಒಳಕ್ಕೋ ಹೊರಕ್ಕೋ ಹೋಗಿದೆ.

ಮೂರನೆಯದು ಹ್ಯಾಂಡಲ್. ಮುಂದಿನ ವೀಲ್ ಎತ್ತಿ ಹ್ಯಾಂಡಲನ್ನು ಬೆರಳ ತುದಿಯಿಂದ ನಿಧಾನವಾಗಿ ತಿರುಗಿಸಿ. ನೇರ ಬಂದಾಗ ಕಟ್ಟೆಂದು ಒಂದು ಗುಂಡಿಗೆ ಬಿದ್ದಂತಾದರೆ ಬೇರಿಂಗಿನ ಬಾಲ್ಸ್ ಬಟ್ಟಲಿನಲ್ಲಿ ಗುಳಿ ಮಾಡಿವೆ, ಹೆಡ್‌ಸೆಟ್, ಅಂದರೆ ಆ ಬೇರಿಂಗು ಬಟ್ಟಲುಗಳ ಸೆಟ್ಟು, ಬದಲಿಸಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎನಿಸಿದರೆ ಒಳಗಿನ ಫೋರ್ಕ್ ಪೈಪೇ ಬಾಗಿರುವ ಸಾಧ್ಯತೆ ಹೆಚ್ಚು. ಆಗ ಹೆಡ್‌ಸೆಟ್ ಮಾತ್ರ ಬದಲಿಸಿದ ಎಸ್ಟಿಮೇಟ್ ಹಣ ದಂಡ.

ಬೆಂಡ್ ತೆಗೆಯಬಹುದೇ? ಆಯಸ್ಕಾಂತ ಅಂಟಿದರೆ ಉಕ್ಕು. ಉಕ್ಕಿನ ಫೋರ್ಕಿನ ಸಣ್ಣ ಬಾಗನ್ನು ತಣ್ಣಗಿರುವಾಗಲೇ ಸರಿಮಾಡಬಹುದು, ಆದರೆ ಬಣ್ಣ ಸುಕ್ಕಾಗಿದ್ದರೆ ಅಥವಾ ಬೆಸುಗೆಯ ಪಕ್ಕದಲ್ಲಿ ಕೂದಲೆಳೆ ಗೆರೆ ಕಂಡರೆ ಬೇಡ. ಹಳೆಯ ಮಾದರಿಯ ಸೈಕಲ್ಲಿಗೆ ಹೊಸ ಫೋರ್ಕು ಅಗ್ಗವಾಗಿ ಸಿಗುವುದರಿಂದ ಬಾಗಿದ್ದನ್ನು ಕಾಸಿ ಬಡಿಸುವುದರಲ್ಲಿ ಅರ್ಥವಿಲ್ಲ. ಅಲ್ಯುಮಿನಿಯಂ ಫೋರ್ಕನ್ನು ಬಾಗಿಸಿ ನೇರ ಮಾಡಲೇಬಾರದು. ಅದು ಮುನ್ಸೂಚನೆ ಕೊಡದೆ ಮುರಿಯುತ್ತದೆ, ಮುರಿಯುವುದು ಬ್ರೇಕ್ ಹಿಡಿದಾಗ. ಕಾರ್ಬನ್ ಫೋರ್ಕು ಗಟ್ಟಿಯಾದ ಮುಂದಿನ ಪೆಟ್ಟು ತಿಂದಿದ್ದರೆ ಬದಲಿಸುವುದೇ ಸರಿ. ಈ ಸಾಲು ದುಬಾರಿ ಎನಿಸಿದರೂ ಇದರಲ್ಲಿ ಚೌಕಾಸಿ ಮಾಡಬೇಡಿ. ಸಸ್ಪೆನ್ಷನ್ ಫೋರ್ಕಿನಲ್ಲಿ ವೀಲ್ ಬಿಚ್ಚಿ ಕೆಳಗಿನ ಭಾಗವನ್ನು ಮೇಲೆ ಒತ್ತಿ ಬಿಡಿ: ಮಧ್ಯದಲ್ಲಿ ಹಿಡಿದುಕೊಂಡರೆ ಅಥವಾ ಒಳಗಿನ ಹೊಳೆಯುವ ಪೈಪು ಒಂದೇ ಪಕ್ಕದಲ್ಲಿ ಗೀರಿದ್ದರೆ ಬಾಗಿದೆ.

ಹೊಸ ಫೋರ್ಕಿನ ಸಾಲಿನಲ್ಲಿ ಪೈಪಿನ ಅಳತೆ ಇರಬೇಕು. ಈಗಿನ ಬಹುತೇಕ ಸೈಕಲ್ಲುಗಳಿಗೆ ಚೂಡಿ (ತಿರುಪಿನ ಗೆರೆ) ಇಲ್ಲದ 28.6 ಮಿ.ಮೀ. ಪೈಪು, ಹಳೆಯವಕ್ಕೆ ಚೂಡಿ ಇರುವ 25.4 ಮಿ.ಮೀ. ಮೇಲೆ ದಪ್ಪ, ಕೆಳಗೆ ಇನ್ನೂ ದಪ್ಪ ಇರುವ ಪೈಪೂ ಇದೆ. ತಪ್ಪು ಫೋರ್ಕು ತಂದು ಆಮೇಲೆ ಅಡಾಪ್ಟರ್ ಎಂದು ಹೊಸ ಸಾಲು ಸೇರಿಸುವುದನ್ನು ಇಲ್ಲೇ ತಡೆಯಬಹುದು. ಸಸ್ಪೆನ್ಷನ್ ಇದ್ದ ಕಡೆ ಗಿಡ್ಡ ಸಾದಾ ಫೋರ್ಕು ಹಾಕಿದರೆ ಸೈಕಲ್ಲಿನ ಮೂಗು ತಗ್ಗಿ ಹ್ಯಾಂಡಲ್ ಚಂಚಲವಾಗುತ್ತದೆ. ಅಗ್ಗ ಎಂದು ಒಪ್ಪುವ ಮುಂಚೆ ಎಕ್ಸೆಲಿನಿಂದ ಕೆಳಗಿನ ಬೇರಿಂಗಿನವರೆಗಿನ ಉದ್ದ ಹಳೆಯದಕ್ಕೆ ಹತ್ತಿರವಿದೆಯೇ ಎಂದು ಅಳೆಸಿ.

ಫ್ರೇಮ್

ಮುಂದಿನ ಪೆಟ್ಟಿನಲ್ಲಿ ಫ್ರೇಮ್ ಸೋಲುವ ಜಾಗ ಗೊತ್ತಿರುವಂಥದ್ದೇ. ಹ್ಯಾಂಡಲ್ ಗೂಡಿನಿಂದ ಕೆಲವೇ ಸೆಂಟಿಮೀಟರ್ ಹಿಂದೆ, ಕೆಳ ಪೈಪಿನ ಅಡಿಭಾಗ ಮತ್ತು ಮೇಲಿನ ಪೈಪಿನ ಅಡಿಭಾಗ. ಅಲ್ಲಿ ಕೊಳೆ ಒರೆಸಿ, ಟಾರ್ಚನ್ನು ಪೈಪಿಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ, ಉಗುರನ್ನು ಉದ್ದಕ್ಕೆ ಎಳೆಯಿರಿ. ಕಣ್ಣಿಗೆ ಕಾಣದ ಉಬ್ಬು ಉಗುರಿಗೆ ಸಿಗುತ್ತದೆ. ಸ್ಕೇಲಿನ ಅಂಚನ್ನು ಪೈಪಿನ ಮೇಲಿಟ್ಟು ಅಡಿಯಲ್ಲಿ ಬೆಳಕು ನುಸುಳುತ್ತದೆಯೇ ನೋಡಿ. ಬಣ್ಣದಲ್ಲಿ ಅಡ್ಡ ಬಿರುಕು, ಸುಕ್ಕು ಇದ್ದರೆ ಒಳಗೆ ಲೋಹ ಮಡಿಚಿದೆ.

ಹಿಂಭಾಗಕ್ಕೆ ದಾರದ ಪರೀಕ್ಷೆ. ಹಿಂದಿನ ಎಡ ಕೊಂಡಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಗೂಡನ್ನು ಸುತ್ತಿಸಿ, ಬಲ ಕೊಂಡಿಗೆ ಬಿಗಿಯಾಗಿ ಎಳೆದು ಕಟ್ಟಿ. ಸೀಟಿನ ಪೈಪಿನಿಂದ ಎರಡೂ ಕಡೆಯ ದಾರಕ್ಕಿರುವ ಅಂತರ ಅಳೆಯಿರಿ. 2 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. 3 ಮಿ.ಮೀ. ದಾಟಿದರೆ ಗಮನಿಸಬೇಕು. ಆದರೆ ಕಡಿಮೆ ಬೆಲೆಯ ಫ್ರೇಮುಗಳು ಕಾರ್ಖಾನೆಯಿಂದಲೇ ಸ್ವಲ್ಪ ಓರೆಯಾಗಿ ಬರುತ್ತವೆ, ಹಾಗಾಗಿ ದಾರದ ಅಂಕೆ ಒಂದನ್ನೇ ಹಿಡಿದು ಅಪಘಾತದಿಂದಲೇ ಆಯಿತು ಎನ್ನಲಾಗದು. ಬಣ್ಣದ ಬಿರುಕೋ ಹೊಸ ತಗ್ಗೋ ಜತೆಗಿರಬೇಕು.

ಉಕ್ಕಿನ ಫ್ರೇಮಿನ ಹಿಂದಿನ ಕೊಂಡಿ ಬಾಗಿದ್ದರೆ ಅನುಭವಿ ಮೆಕ್ಯಾನಿಕ್ ನೇರ ಮಾಡಬಲ್ಲ, ಇದು ನ್ಯಾಯವಾದ ಕೂಲಿ. ಅಲ್ಯುಮಿನಿಯಂ ಫ್ರೇಮಿಗೆ ವೆಲ್ಡಿಂಗ್ ಎಂದು ಬರೆದಿದ್ದರೆ ಒಪ್ಪಬೇಡಿ. ಸೈಕಲ್ಲಿಗೆ ಬಳಸುವ 6061 ಮಿಶ್ರಲೋಹ ಶಾಖಸಂಸ್ಕಾರದಿಂದ ಬಲ ಪಡೆದದ್ದು. ವೆಲ್ಡಿಂಗ್ ಬಿಸಿಗೆ ಸುತ್ತಲಿನ ಲೋಹ ಮೆದುವಾಗುತ್ತದೆ, ಆ ಬಲವನ್ನು ಮರಳಿಸಲು ಇಡೀ ಫ್ರೇಮನ್ನು ಮತ್ತೆ ಸಂಸ್ಕರಿಸಬೇಕು, ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಅದು ಆಗದ ಕೆಲಸ. ಕಾರ್ಬನ್ ಫ್ರೇಮನ್ನು ನಾಣ್ಯದಿಂದ ತಟ್ಟುತ್ತಾ ಹೋದರೆ ಪದರ ಬಿಟ್ಟ ಕಡೆ ದನಿ ಮಂಕಾಗುತ್ತದೆ, ಆದರೆ ದನಿ ಚೆನ್ನಾಗಿದೆ ಎಂಬುದು ಗ್ಯಾರಂಟಿಯಲ್ಲ. ಕಾರ್ಬನ್ ರಿಪೇರಿ ಮಾಡುವವರಿಂದಲೇ ತಪಾಸಣೆ ಮಾಡಿಸಿ. ಆ ತಪಾಸಣೆಯ ಶುಲ್ಕವೂ ಅಪಘಾತದ ಖರ್ಚೇ.

ಗೇರು, ಕ್ರ್ಯಾಂಕು, ಹ್ಯಾಂಡಲ್

ಬಲಕ್ಕೆ ಬಿದ್ದ ಗೇರ್ ಸೈಕಲ್ಲಿನ ಚೀಟಿಯಲ್ಲಿ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ; ಮೇಲೆ ಹಿಂದಿನ ಗೇರು ಎಂದದ್ದು ಇದನ್ನೇ) ಬಹುತೇಕ ಖಂಡಿತ ಇರುತ್ತದೆ. ಆದರೆ ಬಾಗುವುದು ಸಾಮಾನ್ಯವಾಗಿ ಅದನ್ನು ಹಿಡಿದಿರುವ ಸಣ್ಣ ತುಂಡು, ಹ್ಯಾಂಗರ್. ಫ್ರೇಮನ್ನು ಉಳಿಸಲೆಂದೇ ಅದು ಮೊದಲು ಬಾಗುವಂತೆ ಮೆತ್ತಗೆ ಮಾಡಿರುತ್ತಾರೆ. ಹಿಂದಿನಿಂದ ನೋಡಿದಾಗ ಎರಡು ಸಣ್ಣ ಪುಲ್ಲಿಗಳ ಗೆರೆ ಹಿಂದಿನ ಪಲ್ಲಚಕ್ರಗಳಿಗೆ (ಚೈನು ಕೂರುವ ಹಲ್ಲಿನ ಚಕ್ರಗಳಿಗೆ) ಸಮಾನಾಂತರ ಇಲ್ಲದೆ ಕೆಳತುದಿ ಕಡ್ಡಿಯ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಹಾಗೇ ಓಡಿಸಿ ದೊಡ್ಡ ಪಲ್ಲಕ್ಕೆ ಹಾಕಿದರೆ ಗೇರು ಕಡ್ಡಿಗಳೊಳಗೆ ಸಿಕ್ಕಿ ವೀಲ್, ಗೇರು, ಕೆಲವೊಮ್ಮೆ ಫ್ರೇಮನ್ನೂ ಕಿತ್ತುಹಾಕುತ್ತದೆ.

ಆದ್ದರಿಂದ ಮೊದಲು ಹ್ಯಾಂಗರ್ ಹೊಸದು ಹಾಕಿ, ಆಮೇಲೂ ಗೇರಿನ ಪಂಜರ ಓರೆಯಾಗಿದ್ದರೆ ಮಾತ್ರ ಡಿರೇಲರ್ ಬರೆಯಿರಿ ಎಂದು ಹೇಳಿ. ಹೊಸ ಹ್ಯಾಂಗರನ್ನೂ ಅಳತೆಗೋಲಿನಿಂದ ರಿಮ್ಮಿನ ನಾಲ್ಕು ಕಡೆ ತಾಳೆ ನೋಡಬೇಕು. ಹ್ಯಾಂಗರಿನ ಆಕಾರಗಳು ನೂರಾರು. ನಿಮ್ಮದು ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಲು ಹೆಚ್ಚು ಕೇಳುವುದು ಸಹಜ. ಆದರೆ ಅದು ಸಿಗುವುದಿಲ್ಲ, ಗೇರ್ ಸೆಟ್ಟೇ ಬದಲಿಸಬೇಕು ಎಂಬ ಮಾತನ್ನು ಒಪ್ಪಬೇಡಿ.

ಕ್ರ್ಯಾಂಕು ಮತ್ತು ಪೆಡಲ್ ಬೇರ್ಪಡಿಸಿ ನೋಡಬೇಕು. ಕ್ರ್ಯಾಂಕನ್ನು ಅಲುಗಾಡದಂತೆ ಹಿಡಿದು ಪೆಡಲನ್ನಷ್ಟೇ ತಿರುಗಿಸಿ, ಅದು ಸುತ್ತು ಹೊಡೆದರೆ ಪೆಡಲಿನ ಒಳಗಿನ ಅಚ್ಚು ಬಾಗಿದೆ, ಪೆಡಲ್ ಬದಲಿಸಿದರೆ ಸಾಕು. ಪೆಡಲ್ ಸರಿಯಿದ್ದು ಕ್ರ್ಯಾಂಕಿನ ತುದಿಯಿಂದ ಹಿಂದಿನ ಪೈಪಿಗಿರುವ ಅಂತರ ಎಡಕ್ಕೂ ಬಲಕ್ಕೂ ಬಹಳ ಬೇರೆ ಬಂದರೆ ಕ್ರ್ಯಾಂಕು ಬಾಗಿದೆ. ಎಡ ಪೆಡಲಿನ ಚೂಡಿ ಉಲ್ಟಾ ಎಂಬುದನ್ನು ಮರೆತು ಬಿಚ್ಚಿ ಚೂಡಿ ಕೆಡಿಸಿದ್ದು ಅಂಗಡಿಯದೇ ತಪ್ಪು, ಅದು ನಿಮ್ಮ ಬಿಲ್ಲಿಗೆ ಬರಬಾರದು.

ಹ್ಯಾಂಡಲ್ ಓರೆಯಾಗಿದೆ ಎಂದರೆ ಎಷ್ಟೋ ಸಲ ಹ್ಯಾಂಡಲನ್ನು ಫೋರ್ಕ್ ಪೈಪಿಗೆ ಹಿಡಿದಿರುವ ಸ್ಟೆಮ್ ಮಾತ್ರ ಜಾರಿರುತ್ತದೆ. ಪಕ್ಕದ ಎರಡು ಬೋಲ್ಟು ಸಡಿಲಿಸಿ, ವೀಲಿಗೆ ನೇರ ಮಾಡಿ, ಸ್ಟೆಮ್ ಮೇಲೆ ಬರೆದಿರುವಷ್ಟು, ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್, ಬಿಗಿ ಮಾಡಿದರೆ ಮುಗಿಯಿತು. ಇದಕ್ಕೆ ಹೊಸ ಹ್ಯಾಂಡಲ್ ಬರೆದಿದ್ದರೆ ಹೆಚ್ಚು. ಅಲ್ಯುಮಿನಿಯಂ ಹ್ಯಾಂಡಲ್ ನಿಜವಾಗಿ ಬಾಗಿದ್ದರೆ ಮಾತ್ರ ಅದನ್ನು ಹಿಂದಕ್ಕೆ ಬಾಗಿಸದೆ ಹೊಸದನ್ನೇ ಹಾಕಿಸಬೇಕು.

ಡಿಸ್ಕ್ ಪ್ಲೇಟು ಉಜ್ಜುತ್ತಿದ್ದರೆ ಮೊದಲ ಉಪಾಯ ನೇರ ಮಾಡುವುದು. ಹತ್ತು ಹದಿನೈದು ನಿಮಿಷದ ಕೆಲಸ. ಚೂಪಾಗಿ ಮಡಿಚಿದ್ದರೆ ಹೊಸದು. ಹೈಡ್ರಾಲಿಕ್ ಬ್ರೇಕಿನಲ್ಲಿ ಲಿವರ್ ಹ್ಯಾಂಡಲಿನವರೆಗೆ ಬಂದರೆ ಅಥವಾ ಪೈಪಿನ ಬುಡದಲ್ಲಿ ಎಣ್ಣೆ ಜಿನುಗಿದ್ದರೆ ಎಣ್ಣೆ ಬದಲಿಸಿ ಗಾಳಿ ತೆಗೆಯುವ ಕೂಲಿ ನ್ಯಾಯ.

ಸವೆತ ಅಪಘಾತವಲ್ಲ

ಚೈನು, ಹಿಂದಿನ ಪಲ್ಲಗಳು, ಬ್ರೇಕ್ ಶೂ, ಪೆಡಲ್ ಅಚ್ಚಿನ ಬೇರಿಂಗು, ಒಣಗಿ ಬಿರಿದ ಟೈರು ಇವೆಲ್ಲ ಓಡಿಸಿದ್ದರಿಂದ ಸವೆಯುವಂಥವು. ಚೈನನ್ನು ಅಳೆದರೆ ತೀರ್ಮಾನವಾಗುತ್ತದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಅದರ ನಂತರದ 24ನೇ ಪಿನ್ನಿಗೆ ಇರುವ ಅಂತರ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಅದು 306.3 ದಾಟಿದ್ದರೆ ಚೈನು ಸವೆದು ಉದ್ದವಾಗಿದೆ. ಬದಲಿಸುವುದು ಒಳ್ಳೆಯದೇ, ಆದರೆ ಅದು ನಿಮ್ಮ ಖರ್ಚು, ಗುದ್ದಿದವರದ್ದಲ್ಲ. ಚೈನಿನ ಕೊಂಡಿ ತಿರುಚಿಕೊಂಡಿದ್ದರೆ ಮಾತ್ರ ಅಪಘಾತದ ಲೆಕ್ಕ. ಎರಡನ್ನೂ ಒಂದೇ ಸಲ ಮಾಡಿಸಿದರೂ ಎರಡು ಚೀಟಿ ಮಾಡಿಸಿ. ಒಂದೇ ಚೀಟಿಯಲ್ಲಿ ಸವೆತದ ಸಾಮಾನು ಕಂಡರೆ ಎದುರು ಪಕ್ಷ ಇಡೀ ಚೀಟಿಯನ್ನೇ ಅನುಮಾನಿಸುತ್ತದೆ.

ಇದಕ್ಕೆ ವಿರುದ್ಧವಾಗಿ, ಹೆಲ್ಮೆಟ್ ಪಟ್ಟಿಯಲ್ಲಿರಲೇಬೇಕು. ತಲೆ ತಾಗಿದ ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಒಮ್ಮೆ ನಲುಗಿದ ಮೇಲೆ ಎರಡನೇ ಪೆಟ್ಟನ್ನು ತಡೆಯುವುದಿಲ್ಲ, ಹೊರಗೆ ಏನೂ ಕಾಣದಿದ್ದರೂ.

ಕೂಲಿ

ಸಾಮಾನಿನ ಬೆಲೆಯನ್ನು ಇನ್ನೊಂದು ಅಂಗಡಿಯಲ್ಲಿ ಕೇಳಿ ತಿಳಿಯಬಹುದು. ಕೂಲಿಯ ಸಾಲು ಮಾತ್ರ ಸಮಯದ ಲೆಕ್ಕದಲ್ಲೇ ಅರ್ಥವಾಗುವುದು. ಕೈ ಪಳಗಿದ ಮೆಕ್ಯಾನಿಕ್‌ಗೆ ವೀಲ್ ಬೆಂಡ್ ತೆಗೆಯಲು 20ರಿಂದ 30 ನಿಮಿಷ, ಹೊಸ ರಿಮ್ಮಿಗೆ ಕಡ್ಡಿ ಕಟ್ಟಿ ನೇರ ಮಾಡಲು ಒಂದರಿಂದ ಒಂದೂವರೆ ಗಂಟೆ, ಫೋರ್ಕ್ ಬದಲಿಸಲು ಪೈಪ್ ಕತ್ತರಿಸುವುದೂ ಸೇರಿ 45ರಿಂದ 60 ನಿಮಿಷ, ಹ್ಯಾಂಗರ್ ಹಾಕಿ ಗೇರ್ ಹೊಂದಿಸಲು ಅರ್ಧ ಗಂಟೆ, ಹೈಡ್ರಾಲಿಕ್ ಬ್ರೇಕ್ ಒಂದಕ್ಕೆ ಅರ್ಧ ಗಂಟೆ ಸಾಕು.

ಹೆಚ್ಚು ಹಣ ಸೇರುವುದು ಒಂದೇ ಕೆಲಸವನ್ನು ಎರಡು ಸಲ ಬರೆದಾಗ. ಫೋರ್ಕ್ ಬದಲಿಸಲು ಹೆಡ್‌ಸೆಟ್ ಬಿಚ್ಚಲೇಬೇಕು, ಆದ್ದರಿಂದ ಹೆಡ್‌ಸೆಟ್ಟಿಗೆ ಬೇರೆ ಪೂರ್ತಿ ಕೂಲಿ ಇರಬಾರದು, ಬಟ್ಟಲು ಬಡಿದು ಕೂರಿಸುವ ಸ್ವಲ್ಪ ಹೆಚ್ಚುವರಿ ಸಾಕು. ಹೊಸ ವೀಲ್ ಕಟ್ಟಿದ ಮೇಲೆ ಬೆಂಡ್ ತೆಗೆದ ಕೂಲಿ ಬರುವಂತಿಲ್ಲ. ಹ್ಯಾಂಗರ್ ಕೂಲಿಯೊಳಗೆ ಗೇರ್ ಹೊಂದಿಸುವುದು ಸೇರಿದೆ. ಫುಲ್ ಸರ್ವೀಸ್ ಎಂಬ ಸಾಲು ಇದ್ದರೆ ಅದರಲ್ಲಿ ಏನೇನಿದೆ ಕೇಳಿ, ಆ ಕೆಲಸಗಳನ್ನು ಬಿಡಿ ಕೂಲಿಯಿಂದ ತೆಗೆಸಿ.

ಲೆಕ್ಕ ಹೇಗೆ ಎನ್ನಲು ಒಂದು ಕಲ್ಪಿತ ಚೀಟಿ. ಅಲಾಯ್ ಫ್ರೇಮಿನ, ಡಿಸ್ಕ್ ಬ್ರೇಕಿನ 700ಸಿ ಸೈಕಲ್ಲು, ಮುಂದಿನಿಂದ ಸ್ಕೂಟರ್ ಗುದ್ದಿ ಬಲಕ್ಕೆ ಬಿದ್ದಿದೆ. ಮುಂದಿನ ರೆಡಿ ವೀಲ್ 1,800, ಉಕ್ಕಿನ ಫೋರ್ಕ್ 1,500, ಹೆಡ್‌ಸೆಟ್ 450, ಡಿಸ್ಕ್ ಪ್ಲೇಟ್ 400, ಹ್ಯಾಂಗರ್ 400, ಚೈನ್ 600, ಹಿಂದಿನ ಪಲ್ಲಗಳು 1,100, ಫುಲ್ ಸರ್ವೀಸ್ 800, ಕೂಲಿ 1,500. ಒಟ್ಟು 8,550 ರೂಪಾಯಿ.

ಮೊದಲ ಐದು ಸಾಲು ಪೆಟ್ಟಿನ ದಾರಿಯಲ್ಲಿವೆ: 4,550. ಚೈನು, ಪಲ್ಲ ಸವೆತ: 1,700 ಬೇರೆ ಚೀಟಿಗೆ. ಕೆಲಸದ ಸಮಯ ಕೂಡಿ: ವೀಲ್ ಬದಲಿಸಿ ಟೈರು ಟ್ಯೂಬು ವರ್ಗಾಯಿಸಲು 15 ನಿಮಿಷ, ಫೋರ್ಕು ಹೆಡ್‌ಸೆಟ್ 65, ಡಿಸ್ಕ್ 10, ಹ್ಯಾಂಗರು ಗೇರು 30. ಒಟ್ಟು ಎರಡು ಗಂಟೆ. ಅಂಗಡಿಯ ದರ ಗಂಟೆಗೆ 400 ಎಂದಾದರೆ ಕೂಲಿ 800. ಫುಲ್ ಸರ್ವೀಸ್ ಬೇಕಿಲ್ಲ. ಅಲ್ಲಿಗೆ ಅಪಘಾತದ ಪಾಲು 5,350. ಇಷ್ಟು ಕಳೆದ ಮೇಲೂ ಚೀಟಿಯಲ್ಲಿ ಒಂದು ಕೊರತೆ ಉಳಿದಿದೆ: ಫೋರ್ಕ್ ಬಾಗುವಷ್ಟು ಪೆಟ್ಟು ಬಿದ್ದಿದ್ದರೂ ಫ್ರೇಮ್ ನೋಡಿದ್ದರ ಬಗ್ಗೆ ಒಂದು ಪದವೂ ಇಲ್ಲ. 3,200 ಕಡಿಮೆ ಮಾಡಿಸಿಕೊಳ್ಳುವುದಕ್ಕಿಂತ ಆ ಒಂದು ಸಾಲು ಬರೆಸಿಕೊಳ್ಳುವುದು ಮುಖ್ಯ.

ಸೈಕಲ್ಲಿನ ಅಪಘಾತಪೂರ್ವ ಬೆಲೆಯ, ಅಂದರೆ ಅದೇ ವಯಸ್ಸಿನ ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಬೆಲೆಯ ಅರ್ಧಕ್ಕಿಂತ ರಿಪೇರಿ ಹೆಚ್ಚಾದರೆ ರಿಪೇರಿ ಬೇಡ ಎಂಬುದು ನಮ್ಮ ನಿಲುವು. ಫ್ರೇಮ್ ಬಾಗಿದ್ದರೆ ಆ ಲೆಕ್ಕವೂ ಬೇಡ. ಇದಕ್ಕೊಂದು ವಿನಾಯಿತಿ ಉಂಟು. 2006–07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟಂಥ ಗೇರಿಲ್ಲದ ಉಕ್ಕಿನ ಸೈಕಲ್ಲುಗಳಿಗೆ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಬಿಡಿಭಾಗ ಸಿಗುತ್ತದೆ, ಯಾವ ಮೆಕ್ಯಾನಿಕ್ ಬೇಕಾದರೂ ಮಾಡಬಲ್ಲ. ಫ್ರೇಮ್ ಗಟ್ಟಿಯಿದ್ದರೆ ಅವನ್ನು ಗುಜರಿಗೆ ಹಾಕುವ ಆತುರ ಬೇಡ.

ಬೆಲೆ ಮತ್ತು ತೆರಿಗೆ

ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದರ ಮೇಲೆ ಜಿಎಸ್‌ಟಿ ಎಂದು ಇನ್ನೊಮ್ಮೆ ಹಾಕುವಂತಿಲ್ಲ. ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ, ಆದ್ದರಿಂದ ಬಿಡಿಭಾಗಕ್ಕೆ ಶೇ. 12 ಎಂದು ಬರೆದ ಚೀಟಿ ತಿದ್ದಿಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಅಂಗಡಿ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. ಪ್ಯಾಕೆಟ್ಟಿಲ್ಲದ ಬಿಡಿ ಸಾಮಾನಿಗೆ ಎರಡು ಅಂಗಡಿಯ ದರ ಕೇಳುವುದೊಂದೇ ದಾರಿ, ಕೇಳುವಾಗ ಮೇಲೆ ಹೇಳಿದ ಅಳತೆಗಳನ್ನೇ ಹೇಳಿ. ಮುದ್ರಿತ ಬೆಲೆ ಮೀರಿ ವಸೂಲಿ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಗುದ್ದಿದವರು ಕೊಡುವುದಾದರೆ

ರಸ್ತೆಯ ಮೇಲೆ ಐನೂರೋ ಸಾವಿರವೋ ಕೈಗಿಟ್ಟು ಇಲ್ಲಿಗೆ ಮುಗಿಯಿತು ಎನ್ನುತ್ತಾರೆ. ವೀಲ್ ಮಾತ್ರ ನೋಡಿ ಒಪ್ಪಿಕೊಂಡವರಿಗೆ ಫೋರ್ಕು ಬಾಗಿದ್ದು ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ. ಗಾಡಿ ನಂಬರ್, ಫೋನ್ ನಂಬರ್ ಪಡೆದು ಅಂಗಡಿಯ ಚೀಟಿ ಬಂದ ಮೇಲೆ ಮಾತು ಎನ್ನಿ. ಮೋಟಾರು ವಾಹನಗಳಿಗೆ 1988ರ ಕಾಯ್ದೆಯಂತೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದು ನಿಮ್ಮ ಸೈಕಲ್ಲಿನಂಥ ಆಸ್ತಿ ನಷ್ಟವನ್ನೂ ಒಳಗೊಳ್ಳುತ್ತದೆ. ದುಬಾರಿ ಸೈಕಲ್ಲು ಹಾಳಾಗಿದ್ದರೆ ಅಥವಾ ಮೈಗೆ ಪೆಟ್ಟಾಗಿದ್ದರೆ ಠಾಣೆಯಲ್ಲಿ ದೂರು ದಾಖಲಿಸಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ದಾರಿ ಹಿಡಿಯಬಹುದು. ಎರಡು ಸಾವಿರದ ರಿಪೇರಿಗೆ ಅದು ಲಾಭವಿಲ್ಲ, ಮಾತಿನಲ್ಲೇ ಮುಗಿಸಿ. ಯಾವ ದಾರಿಯಾದರೂ ಅಂಗಡಿಯ ಸಹಿ, ದಿನಾಂಕ, ಫ್ರೇಮ್ ನಂಬರ್ ಇರುವ ಚೀಟಿ ಬೇಕು.

ಸೈಕಲ್ ವಾಪಸ್ ಪಡೆಯುವಾಗ

ಬದಲಿಸಿದ ಹಳೆಯ ಸಾಮಾನುಗಳನ್ನು ಕೇಳಿ ಪಡೆಯಿರಿ, ಮೊದಲೇ ಹೇಳಿರಿ. ಹೊಸ ರಿಮ್ಮಿನ ಓಲಾಟ ಒಳ್ಳೆಯ ವೀಲಿನಲ್ಲಿ 1 ಮಿ.ಮೀ. ಒಳಗೆ, ಹಳೆಯ ಮಾದರಿಯ ಉಕ್ಕಿನ ರಿಮ್ಮಿನಲ್ಲಿ 2 ಮಿ.ಮೀ. ಒಳಗೆ ಇರಬೇಕು. ಕಡ್ಡಿ ಮೀಟಿ ಸ್ವರ ಕೇಳಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ನೂಕಿ: ಹ್ಯಾಂಡಲ್ ಗೂಡಿನಲ್ಲಿ ಟಕಟಕ ಎಂದರೆ ಹೆಡ್‌ಸೆಟ್ ಸಡಿಲವಿದೆ. ಎಲ್ಲ ಗೇರುಗಳನ್ನೂ ಹಾಕಿ, ದೊಡ್ಡ ಪಲ್ಲದಲ್ಲಿ ಗೇರಿಗೂ ಕಡ್ಡಿಗೂ ನಡುವೆ ಜಾಗವಿದೆಯೇ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ, ಸೈಕಲ್ಲು ಒಂದೇ ಕಡೆಗೆ ಎಳೆದರೆ ಅಲ್ಲಿಂದಲೇ ಅಂಗಡಿಗೆ ಹಿಂತಿರುಗಿ.

ಹೊಸದಾಗಿ ಕಟ್ಟಿದ ವೀಲಿನ ಕಡ್ಡಿಗಳು ಮೊದಲ 50ರಿಂದ 100 ಕಿ.ಮೀ.ಯಲ್ಲಿ ಕೂತು ಸ್ವಲ್ಪ ಸಡಿಲವಾಗುತ್ತವೆ. ಆಗ ಒಮ್ಮೆ ಬಿಗಿ ಮಾಡಿಕೊಡುವುದು ವೀಲ್ ಕಟ್ಟಿದ ಕೂಲಿಯಲ್ಲೇ ಸೇರಿರಬೇಕು. ಹಣ ಕೊಡುವ ಮುಂಚೆ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.